ಬೆನ್ನ ಮೇಲಿನ ಅಂಕಿಗೆ ಏನರ್ಥ?

ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್‌ಗೆ 1 ಎಂಬ ಅಂಕಿಯೇ ಏಕೆ? ಮುನ್ನುಗ್ಗಿ ಗೋಲು ಹೊಡೆಯುವವನನ್ನು 'ನಂಬರ್ 9' ಎಂದು ಕರೆಯುವುದೇಕೆ? ತಂಡದ ಜೀವಾಳ ಎನಿಸಿದವನಿಗೆ 10 ಕೊಡುವ ಪದ್ಧತಿ ಎಲ್ಲಿಂದ ಬಂತು? ಆಟವನ್ನು ಪ್ರತಿದಿನ ನೋಡುವವರಿಗೂ ಇವು ಪ್ರಶ್ನೆಗಳಾಗಿ ಕಾಣುವುದಿಲ್ಲ. ಅಂಗಿಯ ಮೇಲೆ ಅಂಕಿ ಇರುವುದು ಅಷ್ಟು ಸಹಜವಾಗಿಬಿಟ್ಟಿದೆ. ಆದರೆ ಈ ಅಂಕಿಗೂ ಒಂದು ಚರಿತ್ರೆಯಿದೆ. ಅದು ಮೊದಲು ಜಾಗದ ಗುರುತಾಗಿತ್ತು, ಕೆಲವೆಡೆ ಪರವಾನಗಿಯಾಯಿತು, ನಮ್ಮ ದೇಶೀಯ ಆಟಗಳಲ್ಲಿ ಲೆಕ್ಕದ ಸಾಧನವಾಯಿತು, ಕೊನೆಗೆ ಆಟಗಾರನ ಇನ್ನೊಂದು ಹೆಸರೇ ಆಯಿತು.

ಬೆಳಗಾವಿಯಿಂದ ಲೋಂಡಾ ಕಡೆಗೆ ಹೋಗುವ ರೈಲು ಖಾನಾಪುರ ದಾಟಿದ ಮೇಲೆ ಗುಂಜಿ ಸಿಗುತ್ತದೆ. ಗುಂಜಿಯಂಥ ಊರಿನಲ್ಲಿ ಊರಿನವರ ಮುಂದೆಯೇ ಆಡುವ ಹುಡುಗನಿಗೆ ಅಂಕಿ ಬೇಕಿಲ್ಲ. ಅವನು ಯಾರ ಮಗ, ಯಾವ ಓಣಿಯವನು, ಯಾವ ಕಾಲಿನಲ್ಲಿ ಚೆಂಡು ಒದೆಯುತ್ತಾನೆ ಎಂಬುದೆಲ್ಲ ನೋಡುವವರಿಗೆ ಗೊತ್ತು. ಅದೇ ಹುಡುಗ ಕಾಲೇಜು ತಂಡ ಸೇರಿ ಬೆಳಗಾವಿಯಲ್ಲೋ ಧಾರವಾಡದಲ್ಲೋ ಆಡಲಿಳಿದರೆ ಅವನ ಹೆಸರು ಯಾರಿಗೂ ತಿಳಿಯದು. ಅಲ್ಲಿ ಅವನು ಬರೀ 4, ಇಲ್ಲವೇ 7. ಅವನು ಹೊಡೆದ ಗೋಲು, ತಿಂದ ಹಳದಿ ಕಾರ್ಡು, ಮುಂದೆ ಸಿಗಬೇಕಾದ ಪ್ರಮಾಣಪತ್ರ ಎಲ್ಲವೂ ಆ ಅಂಕಿಯ ಮೂಲಕವೇ ಅವನನ್ನು ಮುಟ್ಟಬೇಕು. ಅಪರಿಚಿತರ ನಡುವೆ ಆಡುವ ಕಾಲ ಬಂದಾಗಲೇ ಆಟಕ್ಕೆ ಅಂಕಿ ಬಂತು ಎನ್ನುವುದರಲ್ಲಿ ತಪ್ಪಿಲ್ಲ.

ಅಂಕಿಯಿಲ್ಲದ ಕಾಲ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಲೀಗ್ ಆರಂಭವಾದದ್ದು 1888ರಲ್ಲಿ. ಆಗ ಆಟಗಾರರ ಬೆನ್ನು ಖಾಲಿಯಾಗಿತ್ತು. ಪಂದ್ಯ ನೋಡಲು ಬರುವವರು ಹೆಚ್ಚಾಗಿ ಅದೇ ಊರಿನವರು, ಆಡುವವರು ಅವರಿಗೆ ಪರಿಚಿತರು. ರೈಲಿನ ಅನುಕೂಲದಿಂದ ತಂಡಗಳು ದೂರದೂರಿಗೆ ಹೋಗತೊಡಗಿ ಪ್ರೇಕ್ಷಕರ ಸಂಖ್ಯೆ ಸಾವಿರಗಳಿಗೆ ಏರಿದ ಮೇಲೆ ತೊಡಕು ಶುರುವಾಯಿತು. ಮೈದಾನದ ಆಚೆ ತುದಿಯಲ್ಲಿ ಕೆಸರು ಮೆತ್ತಿದ ಹನ್ನೊಂದು ಮಂದಿಯಲ್ಲಿ ಯಾರು ಯಾರೆಂದು ಗುರುತಿಸುವುದು ಹೇಗೆ?

ಆಸ್ಟ್ರೇಲಿಯದ ಸಿಡ್ನಿಯಲ್ಲಿ 1911ರಲ್ಲೇ ಅಂಕಿಯ ಅಂಗಿ ತೊಟ್ಟು ಫುಟ್‌ಬಾಲ್ ಆಡಿದ ದಾಖಲೆಯಿದೆ. ಆದರೆ ಆಟದ ತವರು ಇಂಗ್ಲೆಂಡಿನಲ್ಲಿ ಅದಕ್ಕೆ 1928ರ ಆಗಸ್ಟ್ 25ರವರೆಗೆ ಕಾಯಬೇಕಾಯಿತು. ಅಂದು ಆರ್ಸೆನಲ್ ತಂಡ ಷೆಫೀಲ್ಡ್ ವೆನ್ಸ್‌ಡೇ ವಿರುದ್ಧವೂ, ಚೆಲ್ಸಿ ತಂಡ ಸ್ವಾನ್ಸಿ ಟೌನ್ ವಿರುದ್ಧವೂ ಅಂಕಿ ಹಾಕಿಕೊಂಡು ಆಡಿದವು. ಆರ್ಸೆನಲ್‌ನಲ್ಲಿ ಇದರ ಹಿಂದಿದ್ದವರು ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್. ಆದರೆ ಲೀಗಿನ ಆಡಳಿತಗಾರರಿಗೆ ಈ ಹೊಸತನ ಹಿಡಿಸಲಿಲ್ಲ.

1933ರ ಎಫ್.ಎ. ಕಪ್ ಫೈನಲ್‌ನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಎವರ್ಟನ್ ಆಟಗಾರರಿಗೆ 1ರಿಂದ 11, ಮ್ಯಾಂಚೆಸ್ಟರ್ ಸಿಟಿಯವರಿಗೆ 12ರಿಂದ 22. ಮೈದಾನದಲ್ಲಿರುವ ಇಪ್ಪತ್ತೆರಡು ಮಂದಿಗೂ ಬೇರೆ ಬೇರೆ ಅಂಕಿ ಇರಲಿ ಎಂಬ ಲೆಕ್ಕ. ಅದು ಮುಂದುವರಿಯಲಿಲ್ಲ. ಕೊನೆಗೆ 1939ರಲ್ಲಿ ಲೀಗು ಎರಡೂ ತಂಡಗಳಿಗೆ 1ರಿಂದ 11ರ ಅಂಕಿ ಕಡ್ಡಾಯವೆಂದು ಒಪ್ಪಿತು. ಆ ವರ್ಷವೇ ಎರಡನೇ ಮಹಾಯುದ್ಧ ಆರಂಭವಾಗಿ ಲೀಗ್ ನಿಂತುಹೋಯಿತು.

ಎರಡು, ಮೂರು, ಐದು

ಈ ಹನ್ನೊಂದು ಅಂಕಿಗಳನ್ನು ಹಂಚಿದ ಕ್ರಮ ತೀರಾ ಸರಳ. ಆ ಕಾಲದಲ್ಲಿ ತಂಡದ ಪಟ್ಟಿಯನ್ನು ಗೋಲ್‌ಕೀಪರ್‌ನಿಂದ ಆರಂಭಿಸಿ, ಸಾಲು ಸಾಲಾಗಿ, ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಗೋಲ್‌ಕೀಪರ್ ಮುಂದೆ ಇಬ್ಬರು ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್ ಬ್ಯಾಕ್‌ಗಳು, ತುದಿಯಲ್ಲಿ ಐವರು ಫಾರ್ವರ್ಡ್‌ಗಳು. ಅದೇ ಕ್ರಮದಲ್ಲಿ ಎಣಿಸಿದರೆ ಗೋಲ್‌ಕೀಪರ್ 1, ರೈಟ್ ಬ್ಯಾಕ್ 2, ಲೆಫ್ಟ್ ಬ್ಯಾಕ್ 3, ರೈಟ್ ಹಾಫ್ 4, ಸೆಂಟರ್ ಹಾಫ್ 5, ಲೆಫ್ಟ್ ಹಾಫ್ 6, ರೈಟ್ ಔಟ್ 7, ರೈಟ್ ಇನ್ 8, ಸೆಂಟರ್ ಫಾರ್ವರ್ಡ್ 9, ಲೆಫ್ಟ್ ಇನ್ 10, ಲೆಫ್ಟ್ ಔಟ್ 11. ನಮ್ಮ ಹಿರಿಯ ಆಟಗಾರರ ಬಾಯಲ್ಲಿ ಇಂದಿಗೂ ಕೇಳಿಬರುವ 'ರೈಟ್ ಔಟ್', 'ಲೆಫ್ಟ್ ಇನ್' ಎಂಬ ಮಾತುಗಳು ಈ ಪಟ್ಟಿಯಿಂದಲೇ ಬಂದವು.

ಭಾರತಕ್ಕೂ ಆಟ ಬಂದದ್ದು ಇದೇ ವಿನ್ಯಾಸದೊಂದಿಗೆ. ದಂಡಿನ ಊರುಗಳಲ್ಲಿ ಮತ್ತು ಪಾದ್ರಿಗಳು ನಡೆಸುತ್ತಿದ್ದ ಶಾಲೆಗಳಲ್ಲಿ ಅದು ಬೇರೂರಿತು. ಬೆಳಗಾವಿಯಲ್ಲಿ ಎರಡೂ ಇದ್ದವು. ಕ್ಯಾಂಪ್ ಪ್ರದೇಶ ಸೈನ್ಯದ ನೆಲೆ, ಸೇಂಟ್ ಪಾಲ್ಸ್ ಶಾಲೆ 1856ರಷ್ಟು ಹಳೆಯದು. ಬೆಂಗಳೂರಿನ ದಂಡು ಪ್ರದೇಶದ ಕಥೆಯೂ ಇದೇ. ಆ ನೆಲದ ಬಲದಿಂದಲೇ ಅಂದಿನ ಮೈಸೂರು ತಂಡ 1946-47ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಬೆಂಗಳೂರಿನ ಸಾರಂಗಪಾಣಿ ರಾಮನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. 1956 ಮತ್ತು 1960ರ ಒಲಿಂಪಿಕ್ಸ್‌ಗೆ ಹೋದ ಮರಿಯಪ್ಪ ಕೆಂಪಯ್ಯ ಹಾಫ್ ಬ್ಯಾಕ್ ಆಗಿದ್ದವರು.

ಹಾಕಿಯ ವಿನ್ಯಾಸವೂ ಇದೇ ಆಗಿತ್ತು. ಐವರು ಫಾರ್ವರ್ಡ್, ಮೂವರು ಹಾಫ್, ಇಬ್ಬರು ಬ್ಯಾಕ್, ಒಬ್ಬ ಗೋಲ್‌ಕೀಪರ್. ಬೆಳಗಾವಿಗೆ ಹಾಕಿಯೊಂದಿಗೆ ವಿಶೇಷ ನಂಟಿದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲ ಇದ್ದರು. ಅದೇ ತಂಡದ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ ಸೇವೆ ಸಲ್ಲಿಸಿದ್ದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದಲ್ಲಿ.

5 ಹಿಂದೆ ಸರಿದದ್ದು

ಇಷ್ಟು ಅಚ್ಚುಕಟ್ಟಾಗಿದ್ದ ಪಟ್ಟಿ ಮುಂದೆ ಕಲಸುಮೇಲೋಗರವಾಯಿತು. ಅದಕ್ಕೆ ಕಾರಣ ಅಂಕಿಯಲ್ಲ, ಆಟವೇ ಬದಲಾದದ್ದು. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಯಿತು. ಅದಕ್ಕೆ ಮೊದಲು ಚೆಂಡು ಪಡೆಯುವವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳಲ್ಲಿ ಮೂವರಾದರೂ ಇರಬೇಕಿತ್ತು. ಆಮೇಲೆ ಇಬ್ಬರಿದ್ದರೆ ಸಾಕಾಯಿತು. ಗೋಲುಗಳ ಮಳೆ ಸುರಿಯತೊಡಗಿದಾಗ ಚಾಪ್‌ಮನ್‌ರಂಥವರು ಮಧ್ಯದಲ್ಲಿದ್ದ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಎಳೆದು ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿದರು.

ಅಂಕಿ ಮಾತ್ರ ಹಳೆಯ ಪಟ್ಟಿಯದೇ ಉಳಿಯಿತು. ಹೀಗಾಗಿ ಇಂಗ್ಲೆಂಡಿನ ರಕ್ಷಣಾ ಸಾಲನ್ನು ಬಲದಿಂದ ಓದಿದರೆ 2, 5, 3 ಎಂದಾಯಿತು. ಮುಂದೆ ನಾಲ್ವರು ರಕ್ಷಕರ ಪದ್ಧತಿ ಬಂದಾಗ ಅದು 2, 5, 6, 3 ಆಯಿತು. ಅದೇ ಬದಲಾವಣೆಯನ್ನು ಬ್ರೆಜಿಲ್ ಬೇರೆ ರೀತಿಯಲ್ಲಿ ಮಾಡಿಕೊಂಡಿತು. ಅಲ್ಲಿ ರಕ್ಷಣಾ ಸಾಲು 2, 3, 4, 6. ಅಲ್ಲಿಯ 5 ಮಧ್ಯದಲ್ಲೇ ಉಳಿದ. ಅರ್ಜೆಂಟೀನಾದಲ್ಲಿ ಬಲಗಡೆಯ ರಕ್ಷಕನಿಗೆ 4, ಎಡಗಡೆಯವನಿಗೆ 3, ನಡುವಿನ ಇಬ್ಬರಿಗೆ 2 ಮತ್ತು 6. ಒಂದೇ ಪಟ್ಟಿಯಿಂದ ಹೊರಟು ಪ್ರತಿ ದೇಶವೂ ತನ್ನದೇ ಎಣಿಕೆಗೆ ಬಂದು ನಿಂತಿತು. 'ನಂಬರ್ 5' ಎಂದರೆ ಲಂಡನ್ನಿನಲ್ಲಿ ಗೋಲಿನ ಮುಂದೆ ಗೋಡೆಯಂತೆ ನಿಲ್ಲುವವ, ಬ್ಯೂನಸ್ ಐರಿಸ್‌ನಲ್ಲಿ ಮಧ್ಯದಲ್ಲಿ ನಿಂತು ಆಟ ನಡೆಸುವವ.

ಅಂಕಿಯನ್ನು ನಂಬಿ ಕೆಟ್ಟವರ ಕಥೆ 1953ರ ನವೆಂಬರ್ 25ರದು. ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ ಎದುರಾಗಿ ಹಂಗರಿ ಆಡಿತು. ಹಂಗರಿಯ ನಾಂದೋರ್ ಹಿಡೆಗ್‌ಕುಟಿಯ ಬೆನ್ನ ಮೇಲೆ 9 ಇತ್ತು. ರೂಢಿಯಂತೆ ಇಂಗ್ಲೆಂಡಿನ ಸೆಂಟರ್ ಹಾಫ್ ಹ್ಯಾರಿ ಜಾನ್‌ಸ್ಟನ್ ಆ 9ನ್ನು ಕಾಯಬೇಕು. ಆದರೆ ಹಿಡೆಗ್‌ಕುಟಿ ಮುಂದೆ ನಿಲ್ಲದೆ ಮಧ್ಯಕ್ಕೆ ಇಳಿದು ಆಡತೊಡಗಿದ. ಬೆನ್ನು ಹತ್ತಿ ಹೋದರೆ ಗೋಲಿನ ಮುಂದೆ ಜಾಗ ತೆರೆಯುತ್ತದೆ, ನಿಂತಲ್ಲೇ ನಿಂತರೆ ಅವನಿಗೆ ತಡೆಯಿಲ್ಲ. ಹಂಗರಿ 6-3ರಿಂದ ಗೆದ್ದಿತು, ಹಿಡೆಗ್‌ಕುಟಿ ಮೂರು ಗೋಲು ಹೊಡೆದ. ಅಂಕಿ ಆಟಗಾರನ ಜಾಗ ಹೇಳುತ್ತದೆ ಎಂಬ ನಂಬಿಕೆಗೆ ಅಂದು ದೊಡ್ಡ ಪೆಟ್ಟು ಬಿತ್ತು.

ಅಮೆರಿಕದ ಕಾಲೇಜು ಲೆಕ್ಕ

ಅಂಕಿ ಮತ್ತು ಜಾಗದ ನಂಟು ಇಂದಿಗೂ ಬಿಗಿಯಾಗಿ ಉಳಿದಿರುವುದು ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ. ಇದು ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಡಿಕ್ಕಿ ಹೊಡೆಯುವ ಆಟ. ಅಲ್ಲಿನ ವಿಶ್ವವಿದ್ಯಾಲಯಗಳ ಪಂದ್ಯಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರುವ ಮೈದಾನಗಳಿವೆ.

1908ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಅಂಕಿ ತೊಟ್ಟು ಆಡಿತ್ತು. 1937ರಿಂದ ಎದೆ ಮತ್ತು ಬೆನ್ನು ಎರಡರ ಮೇಲೂ ಅಂಕಿ ಕಡ್ಡಾಯವಾಯಿತು. ಅಲ್ಲಿಯವರೆಗೆ ಅದು ಗುರುತು ಮಾತ್ರ. 1960ರ ದಶಕದ ಉತ್ತರಾರ್ಧದಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ದಾಳಿ ನಡೆಸುವ ತಂಡದ ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಐವರು 50ರಿಂದ 79ರೊಳಗಿನ ಅಂಕಿಯನ್ನೇ ಧರಿಸಬೇಕು ಎಂಬ ನಿಯಮವಾಯಿತು.

ಇದರ ಹಿಂದೆ ಒಂದು ಉಪಾಯವಿದೆ. ಆ ಆಟದಲ್ಲಿ ಮುಂದಕ್ಕೆ ಎಸೆದ ಚೆಂಡನ್ನು ಎಲ್ಲರೂ ಹಿಡಿಯುವಂತಿಲ್ಲ. ಯಾರು ಹಿಡಿಯಬಹುದು, ಯಾರು ಹಿಡಿಯಬಾರದು ಎಂಬುದನ್ನು ತೀರ್ಪುಗಾರ ಕ್ಷಣಮಾತ್ರದಲ್ಲಿ ಹೇಳಬೇಕು. ಮುಖ ಕಾಣದಂತೆ ಶಿರಸ್ತ್ರಾಣ ತೊಟ್ಟ ಭಾರೀ ದೇಹಗಳ ನುಗ್ಗಾಟದಲ್ಲಿ ಹೆಸರು ಹುಡುಕುವುದೆಲ್ಲಿ ಬಂತು? 50ರಿಂದ 79ರೊಳಗಿನ ಅಂಕಿ ಕಂಡರೆ ಅವನು ಹಿಡಿಯುವಂತಿಲ್ಲ, ಅಷ್ಟೇ. ಅಂದರೆ ಇಲ್ಲಿ ಅಂಕಿ ಎಂಬುದು ಪರವಾನಗಿ.

ಉಳಿದದ್ದು ರೂಢಿ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಸಾಮಾನ್ಯವಾಗಿ 1ರಿಂದ 19ರೊಳಗೆ, ಮುಂಚೂಣಿಯ ನಡುವಿನವನಿಗೆ 50ರ ಸಾಲು, ಅವನ ಅಕ್ಕಪಕ್ಕದವರಿಗೆ 60ರ ಸಾಲು, ಅವರಾಚೆಯವರಿಗೆ 70ರ ಸಾಲು, ತುದಿಯವರಿಗೆ 80ರ ಸಾಲು. ಒಂದೇ ಅಂಕಿಯನ್ನು ತಂಡದ ಇಬ್ಬರು ತೊಡಲು ಕಾಲೇಜು ಆಟದಲ್ಲಿ ಅಡ್ಡಿಯಿಲ್ಲ, ಆದರೆ ಇಬ್ಬರೂ ಒಟ್ಟಿಗೆ ಅಂಗಳದಲ್ಲಿರುವಂತಿಲ್ಲ. 2020ರಿಂದ ಸೊನ್ನೆಗೂ ಅವಕಾಶ ಸಿಕ್ಕಿದೆ.

ಈ ನಿಯಮ ಬರುವ ಮೊದಲಿನ ದೊಡ್ಡ ಹೆಸರು ಇಲಿನಾಯ್ ವಿಶ್ವವಿದ್ಯಾಲಯದ ರೆಡ್ ಗ್ರೇಂಜ್. ಚೆಂಡು ಹಿಡಿದು ಓಡುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಅವನ ಅಂಕಿ 77. ಅದು ಹೇಗೆ ಬಂತೆಂದು ಕೇಳಿದರೆ, ಸಾಲಿನಲ್ಲಿ ತನ್ನ ಮುಂದಿನವನಿಗೆ 76, ಹಿಂದಿನವನಿಗೆ 78 ಸಿಕ್ಕಿತು ಎನ್ನುತ್ತಿದ್ದ. ಈಗಿನ ನಿಯಮದ ಪ್ರಕಾರ 77 ತೊಟ್ಟವನು ಎಸೆದ ಚೆಂಡನ್ನು ಹಿಡಿಯುವಂತೆಯೇ ಇಲ್ಲ!

ಬೆರಳೆಣಿಕೆಯ ಆಟ

ಕೆಲವು ಆಟಗಳಲ್ಲಿ ಅಂಕಿಯನ್ನು ನಿರ್ಧರಿಸಿದ್ದು ತೀರ್ಪುಗಾರನ ಕೈಬೆರಳು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಹುಕಾಲ 4ರಿಂದ 15ರವರೆಗಿನ ಅಂಕಿಗಳಷ್ಟೇ ಇದ್ದವು. 1, 2, 3 ಎಂಬ ಬೆರಳು ಸನ್ನೆಗಳು ಪಾಯಿಂಟುಗಳನ್ನು ತೋರಿಸಲು ಬೇಕಿದ್ದವು. 2014ರ ನಂತರ ಈ ಕಟ್ಟು ಸಡಿಲವಾಯಿತು. ರಗ್ಬಿಯಲ್ಲಿ ಮಾತ್ರ 1ರಿಂದ 15ರವರೆಗಿನ ಅಂಕಿಗಳು ಇಂದಿಗೂ ಜಾಗದ ಅಂಕಿಗಳೇ. ಅಂದು ಆಡುವ ಜಾಗ ಬದಲಾದರೆ ಅಂಗಿಯೂ ಬದಲಾಗುತ್ತದೆ.

ಕಬಡ್ಡಿ, ಖೋ ಖೋ ಲೆಕ್ಕ

ನಮ್ಮ ಶಾಲಾ ಕಾಲೇಜು ಕ್ರೀಡಾಕೂಟಗಳಲ್ಲಿ 'ಚೆಸ್ಟ್ ನಂಬರ್' ಎಂಬ ಮಾತು ಮನೆಮಾತು. ಬಟ್ಟೆಯ ಮೇಲೆ ಅಂಕಿ ಬರೆದು ದಾರದಿಂದ ಕಟ್ಟಿಕೊಂಡೋ, ಬನಿಯನ್ನಿನ ಮೇಲೆ ಹೊಲಿಸಿಕೊಂಡೋ ಆಡಿದವರು ಸಾವಿರಾರು. ಕಬಡ್ಡಿಯ ನಿಯಮದಲ್ಲಿ ಎದೆಯ ಮೇಲೆ ಕನಿಷ್ಠ 4 ಅಂಗುಲ, ಬೆನ್ನ ಮೇಲೆ 6 ಅಂಗುಲದ ಅಂಕಿ ಇರಬೇಕೆಂದಿದೆ.

ಕಬಡ್ಡಿಯಲ್ಲೂ ಜಾಗಗಳಿಗೆ ಹೆಸರುಗಳಿವೆ. ಎಡ ಕಾರ್ನರ್, ಬಲ ಕಾರ್ನರ್, ಕವರ್, ಇನ್, ಸೆಂಟರ್. ಆದರೆ ಅಂಕಿಗೂ ಜಾಗಕ್ಕೂ ಇಲ್ಲಿ ಸಂಬಂಧವಿಲ್ಲ. ಅಂಕಿ ಬೇಕಾಗಿರುವುದು ಲೆಕ್ಕಕ್ಕೆ. ಎದುರಾಳಿ ತಂಡದ ಒಬ್ಬ ಔಟಾದರೆ ನಮ್ಮ ತಂಡದಲ್ಲಿ ಔಟಾಗಿ ಕುಳಿತವನೊಬ್ಬ ಮರಳಿ ಒಳಬರುತ್ತಾನೆ. ಯಾರು ಬರಬೇಕು? ಮೊದಲು ಔಟಾದವನೇ ಮೊದಲು ಬರಬೇಕು. ಏಳು ಮಂದಿಯಲ್ಲಿ ಯಾರು ಯಾವ ಕ್ರಮದಲ್ಲಿ ಹೊರಹೋದರು ಎಂಬುದನ್ನು ಅಂಕಿ ಬರೆದುಕೊಳ್ಳದೆ ನೆನಪಿನಲ್ಲಿಡುವುದು ಕಷ್ಟ. ಅಲ್ಲಿ ತಪ್ಪಿದರೆ ಒಳ್ಳೆಯ ರೈಡರ್ ಹೊರಗೇ ಕೂರಬೇಕಾಗುತ್ತದೆ, ಪಂದ್ಯವೇ ಕೈತಪ್ಪುತ್ತದೆ. ಹಳ್ಳಿಯ ಕಬಡ್ಡಿ ಪಂದ್ಯಗಳಲ್ಲಿ ಜಗಳ ಹುಟ್ಟಿಸುವ ಸಂಗತಿಗಳಲ್ಲಿ ಇದೂ ಒಂದು.

ಖೋ ಖೋದಲ್ಲೂ ಹೀಗೆಯೇ. ಹನ್ನೆರಡು ಮಂದಿಯ ತಂಡದಲ್ಲಿ ಒಂಬತ್ತು ಮಂದಿ ಕಣಕ್ಕಿಳಿಯುತ್ತಾರೆ. ಓಡುವ ಸರದಿ ಬಂದಾಗ ಮೂವರು ಮೂವರಾಗಿ ಒಳಬರಬೇಕು, ಆ ಸರದಿಯನ್ನು ಮೊದಲೇ ಸ್ಕೋರರ್ ಬಳಿ ಬರೆಸಿರಬೇಕು. ಇಂಗ್ಲೆಂಡಿನ ಆಟದಲ್ಲಿ 'ಎಲ್ಲಿ ನಿಲ್ಲುತ್ತೀ' ಎಂದು ಕೇಳಿದ ಅಂಕಿ, ನಮ್ಮ ಆಟಗಳಲ್ಲಿ 'ಯಾವಾಗ ಬರುತ್ತೀ' ಎಂದು ಕೇಳುತ್ತದೆ.

ಬೆಳಗಾವಿ, ಖಾನಾಪುರ ಭಾಗದಲ್ಲಿ ಅಂಕಿಗೆ ಇನ್ನೊಂದು ಉಪಯೋಗವೂ ಉಂಟು. ಅಲ್ಲಿ ಪಂದ್ಯ ನೋಡುವವರಲ್ಲಿ ಕನ್ನಡದವರೂ ಇರುತ್ತಾರೆ, ಮರಾಠಿಯವರೂ ಇರುತ್ತಾರೆ. 'ಏಳು' ಎಂದರೂ 'ಸಾತ್' ಎಂದರೂ ಬೆನ್ನ ಮೇಲಿರುವುದು 7 ಒಂದೇ. ಬೋರ್ಡಿನ ಮೇಲೆ ಯಾವ ಭಾಷೆಯ ಅಕ್ಷರ ಇರಬೇಕು ಎಂದು ಜಗಳವಾಡಿದ ನೆಲದಲ್ಲಿ ಅಂಗಿಯ ಮೇಲಿನ ಅಂಕಿ ಇಬ್ಬರಿಗೂ ಓದಲು ಬರುತ್ತದೆ.

ಜಾಗದಿಂದ ಹೆಸರಿಗೆ

ಫುಟ್‌ಬಾಲ್ ವಿಶ್ವಕಪ್‌ನಲ್ಲಿ 1954ರಿಂದ ಇಡೀ ಪಂದ್ಯಾವಳಿಗೆ ಒಬ್ಬನಿಗೆ ಒಂದೇ ಅಂಕಿ ಎಂಬ ಕ್ರಮ ಬಂತು. ಅಂದಿನಿಂದ ಅಂಕಿ ಜಾಗವನ್ನು ಬಿಟ್ಟು ವ್ಯಕ್ತಿಗೆ ಅಂಟಿಕೊಳ್ಳತೊಡಗಿತು. 1958ರಲ್ಲಿ ಬ್ರೆಜಿಲ್ ಅಂಕಿ ನಮೂದಿಸದೆ ಪಟ್ಟಿ ಕಳಿಸಿತ್ತು. ಸಂಘಟಕರ ಕಡೆಯವರೇ ಅಂಕಿ ಹಂಚಿದಾಗ ಗೋಲ್‌ಕೀಪರ್ ಗಿಲ್ಮಾರ್‌ಗೆ 3, ಹದಿನೇಳರ ಹುಡುಗ ಪೆಲೆಗೆ 10 ಸಿಕ್ಕಿತು. ಆ ಹುಡುಗ ಆಡಿದ ಆಟದಿಂದ 10ಕ್ಕೆ ಬಂದ ಗೌರವ ಇಂದಿಗೂ ಇಳಿದಿಲ್ಲ. ಕೆಲವು ದೇಶಗಳು ಅಕ್ಷರಮಾಲೆಯ ಕ್ರಮದಲ್ಲಿ ಅಂಕಿ ಹಂಚಿದ್ದೂ ಉಂಟು. 1982ರಲ್ಲಿ ಅರ್ಜೆಂಟೀನಾದ ಮಧ್ಯದ ಆಟಗಾರ ಆರ್ಡಿಲೆಸ್ 1 ತೊಟ್ಟು ಆಡಿದ. ಮರಡೋನಾಗೆ ಮಾತ್ರ ಆ ಕ್ರಮದಿಂದ ವಿನಾಯಿತಿ, ಅವನಿಗೆ 10.

1993ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಂಕಿಯ ಮೇಲೆ ಹೆಸರನ್ನೂ ಬರೆಯಿಸಿ ಇಡೀ ಋತುವಿಗೆ ಅದನ್ನೇ ಕಾಯಂ ಮಾಡಿತು. ಅಲ್ಲಿಂದಾಚೆಗೆ ಅಂಗಿಯ ಮಾರಾಟವೂ ದೊಡ್ಡ ವ್ಯಾಪಾರವಾಯಿತು. ಕ್ರಿಕೆಟ್ ಇದೇ ದಾರಿ ಹಿಡಿಯಿತು. 1999ರ ವಿಶ್ವಕಪ್‌ನಲ್ಲಿ ಸಾಮಾನ್ಯವಾಗಿ ನಾಯಕನಿಗೆ 1, ಉಳಿದವರಿಗೆ 15ರವರೆಗೆ. 2019ರ ಆಷಸ್ ಸರಣಿಯಿಂದ ಟೆಸ್ಟ್ ಪಂದ್ಯದ ಬಿಳಿಯಂಗಿಗೂ ಅಂಕಿ ಬಂತು. ಹಾಕಿಯಲ್ಲಿ ಗೋಲ್‌ಕೀಪರ್ ಶ್ರೀಜೇಶ್ 2024ರಲ್ಲಿ ನಿವೃತ್ತರಾದಾಗ ಹಾಕಿ ಇಂಡಿಯಾ ಸಂಸ್ಥೆ ಅವರ 16ನ್ನು ಹಿರಿಯರ ತಂಡದಲ್ಲಿ ಇನ್ನಾರಿಗೂ ಕೊಡುವುದಿಲ್ಲವೆಂದು ಘೋಷಿಸಿತು. ಬೆಂಗಳೂರು ಎಫ್.ಸಿ.ಯ ಅಭಿಮಾನಿಗಳಿಗೆ 11 ಎಂದರೆ ಲೆಫ್ಟ್ ಔಟ್ ಅಲ್ಲ, ಸುನಿಲ್ ಛೆಟ್ರಿ.

ಆದರೆ ಈ ಭಾಗ್ಯ ದೊಡ್ಡ ತಂಡಗಳವರಿಗೆ ಮಾತ್ರ. ಒಂದೇ ಸೆಟ್ ಜೆರ್ಸಿಯನ್ನು ವರ್ಷಗಟ್ಟಲೆ ತೊಡುವ ಕಾಲೇಜು ತಂಡಗಳಲ್ಲಿ ಅಂಕಿಯನ್ನು ತೀರ್ಮಾನಿಸುವುದು ಎಷ್ಟೋ ಬಾರಿ ಅಂಗಿಯ ಅಳತೆ. ದಪ್ಪಗಿರುವವನಿಗೆ ದೊಡ್ಡ ಅಂಗಿ, ಅದರ ಮೇಲೆ ಯಾವ ಅಂಕಿ ಇದೆಯೋ ಅದು ಅವನದು. ಒಂದು ಬಗೆಯಲ್ಲಿ ಇದು ರೆಡ್ ಗ್ರೇಂಜನ ಸಾಲಿನ ಕಥೆಯೇ.

ಇಲ್ಲಿ ನೆನಪಿಡಬೇಕಾದ ಸಂಗತಿಯೊಂದಿದೆ. ಫುಟ್‌ಬಾಲ್‌ನ 17 ನಿಯಮಗಳಲ್ಲಿ ಆಟಗಾರನಿಗೆ ಕಡ್ಡಾಯವೆಂದಿರುವುದು ತೋಳಿರುವ ಅಂಗಿ, ಚಡ್ಡಿ, ಕಾಲುಚೀಲ, ಮೊಣಕಾಲ ಕೆಳಗಿನ ರಕ್ಷಾಕವಚ, ಪಾದರಕ್ಷೆ. ಆ ಪಟ್ಟಿಯಲ್ಲಿ ಅಂಕಿ ಇಲ್ಲ. ಅಂಕಿಯನ್ನು ಕೇಳುವುದು ಪಂದ್ಯಾವಳಿ ನಡೆಸುವವರು. ಪಂದ್ಯಕ್ಕೆ ಮೊದಲು ತೀರ್ಪುಗಾರನಿಗೆ ಕೊಡುವ ಪಟ್ಟಿಯಲ್ಲಿ ಹೆಸರಿನ ಎದುರು ಅಂಕಿ ಬರೆಯಬೇಕು. ಅಂಕಿಯನ್ನು ಹೆಸರಿಗೆ ಕಟ್ಟುವ ದಾರ ಆ ಒಂದು ಹಾಳೆ.

ಆ ದಾರ ತಪ್ಪಿದರೆ ಒಬ್ಬನ ಗೋಲು ಇನ್ನೊಬ್ಬನ ಹೆಸರಿಗೆ ಹೋಗುತ್ತದೆ, ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಶಿಕ್ಷೆಯಾಗುತ್ತದೆ. 2014ರ ಮಾರ್ಚ್ 22ರಂದು ಚೆಲ್ಸಿ ವಿರುದ್ಧದ ಪಂದ್ಯದಲ್ಲಿ ಚೆಂಡನ್ನು ಕೈಯಿಂದ ತಡೆದವನು ಆರ್ಸೆನಲ್‌ನ ಆಕ್ಸ್‌ಲೇಡ್ ಚೇಂಬರ್ಲೇನ್. ತೀರ್ಪುಗಾರ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸಿದ್ದು ಕೀರನ್ ಗಿಬ್ಸ್‌ನನ್ನು. ಇಬ್ಬರ ಬೆನ್ನ ಮೇಲೂ ಅಂಕಿ, ಹೆಸರು ಎರಡೂ ಇದ್ದವು. ಅಲ್ಲಿ ಕ್ಯಾಮೆರಾಗಳಿದ್ದ ಕಾರಣ ನಿಜ ಹೊರಬಂತು.

ತಾಲ್ಲೂಕು ಮಟ್ಟದ ಮೈದಾನದಲ್ಲಿ ಕ್ಯಾಮೆರಾ ಇರುವುದಿಲ್ಲ, ಇರುವುದು ಹಾಳೆ ಮಾತ್ರ. ಗುಂಜಿಯಂಥ ಊರಿಂದ ಬಂದ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಸೀಟೋ ನೌಕರಿಯೋ ಸಿಗಬೇಕಾದರೆ ಆಡಿದ್ದಕ್ಕೆ ಪುರಾವೆ ಬೇಕು. ಆಟ ಮುಗಿದು ಜೆರ್ಸಿಯನ್ನು ಮಡಿಸಿ ಚೀಲಕ್ಕೆ ತುಂಬಿದರೆ 7 ಮುಂದಿನ ವರ್ಷ ಇನ್ನೊಬ್ಬನದಾಗುತ್ತದೆ. ಈ ವರ್ಷ ಅದನ್ನು ತೊಟ್ಟವನು ಯಾರು ಎಂಬುದಕ್ಕೆ ಉಳಿಯುವುದು ಆ ಪಟ್ಟಿಯೊಂದೇ. ಅಂಕಿಯ ಎದುರು ಹೆಸರನ್ನು ಸರಿಯಾಗಿ, ಓದಲು ಬರುವಂತೆ ಬರೆಯುವುದು ಆ ಹುಡುಗನಿಗೆ ಆಟದಷ್ಟೇ ಮುಖ್ಯ.